ಮೂರು ತಪ್ಪುಗಳ ಲೆಕ್ಕ: ಮಹಾದೇವಿಯಕ್ಕ ಬಿಟ್ಟು ಹೊರಟ ಮನೆ

ಅಕ್ಕಮಹಾದೇವಿಗೂ ಅರಸ ಕೌಶಿಕನಿಗೂ ಮದುವೆಯಾಗಿತ್ತೇ ಎಂಬುದು ಶರಣರ ಚರಿತ್ರೆಯ ಹಳೆಯ ತಕರಾರು. ಉಡುತಡಿಯ ಹುಟ್ಟು, ಚೆನ್ನಮಲ್ಲಿಕಾರ್ಜುನನ ಅಂಕಿತ, ಶ್ರೀಶೈಲದ ಕೊನೆಗಳ ಬಗ್ಗೆ ಒಮ್ಮತವಿರುವುದರಿಂದ ಅವನ್ನು ಇಲ್ಲಿ ಬೆಳೆಸುವುದಿಲ್ಲ. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಮದುವೆ ನಡೆಯುತ್ತದೆ. ಸುಮಾರು ಇನ್ನೂರು ವರ್ಷಗಳ ತರುವಾಯ, ಪ್ರೌಢದೇವರಾಯನ (1424–1446) ಕಾಲದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಅದನ್ನು ಕೈಬಿಡುತ್ತಾನೆ.

ಚಾಮರಸನ ಪಕ್ಷ ಹಿಡಿದವರ ವಾದ ಹೀಗೆ: ಲಿಂಗವೇ ಪತಿಯೆಂದವಳು ಭವಿಯೊಡನೆ, ಎಂದರೆ ಶಿವಭಕ್ತನಲ್ಲದವನೊಡನೆ, ಬಾಳುವುದು ಸಲ್ಲದು, ಆದ್ದರಿಂದ ಹರಿಹರನದು ಕವಿಕಲ್ಪನೆ. ಈ ವಾದವನ್ನು ನಾನು ಒಪ್ಪಲಾರೆ. ಸಲ್ಲದ್ದೆಲ್ಲ ನಡೆಯದ್ದು ಎಂದಾದರೆ ಚರಿತ್ರೆಯಲ್ಲಿ ಬಹಳ ಉಳಿಯುವುದಿಲ್ಲ! ಶಿವಭಕ್ತಿಯಲ್ಲಿ ಹರಿಹರ ಯಾರಿಗೂ ಕಡಿಮೆಯವನಲ್ಲ. ಮುಜುಗರ ತರುವ ಮದುವೆಯನ್ನು ಅವನು ತಾನಾಗಿ ತಂದು ಸೇರಿಸಿದನೆನ್ನುವುದಕ್ಕಿಂತ, ಜನರ ಬಾಯಲ್ಲಿದ್ದುದನ್ನು ಬಿಡಲಾರದೆ ಹೇಳಿದನೆನ್ನುವುದು ಸಹಜ.

ಆದರೆ ನನ್ನ ಮುಖ್ಯ ತಕರಾರು ಮದುವೆಯ ಕುರಿತಲ್ಲ. ಆಯಿತೋ ಇಲ್ಲವೋ ಎಂದು ಹೊಡೆದಾಡುತ್ತ ನಾವು ಆ ಮನೆಯೊಳಗೆ ಏನಾಯಿತೆಂದು ಕೇಳುವುದನ್ನೇ ಮರೆತೆವು. ರಗಳೆಯಲ್ಲಿ ಮಹಾದೇವಿ ಅರಮನೆಗೆ ಹೋಗುವುದು ತಂದೆತಾಯಿಗೆ ಕೇಡಾದೀತೆಂಬ ಬೆದರಿಕೆಯಿಂದ. ಹೋಗುವ ಮುನ್ನ ಕರಾರು ಮಾಡಿಕೊಳ್ಳುತ್ತಾಳೆ: ಲಿಂಗಪೂಜೆ, ಮಾಹೇಶ್ವರರ ಗೋಷ್ಠಿ, ಗುರುಸೇವೆ ಈ ಮೂರೂ ತನ್ನಿಚ್ಛೆಯಂತೆ ನಡೆಯಬೇಕು, ಅರಸ ತಪ್ಪಿದರೆ ಮೂರು ಸಲ ಮನ್ನಿಸುವಳು, ಆಮೇಲೆ ತನ್ನ ದಾರಿ ತನಗೆ. ಮೂರನೆಯ ತಪ್ಪಿನ ದೃಶ್ಯ ನೋಡಬೇಕು. ಗುರು ಬಂದನೆಂದು ಅವಸರದಲ್ಲಿ ಉಡಹೋದವಳ ಸೀರೆಯನ್ನು ಅರಸ ಸೆಳೆಯುತ್ತಾನೆ, ಭಕ್ತೆಗೆ ಉಡುಗೆಯೇಕೆಂದು ಕೊಂಕಾಡುತ್ತಾನೆ. ಚಾಮರಸನಲ್ಲಾದರೋ ಉಡುಗೆಯನ್ನು ಅವಳೇ ತೊರೆಯುತ್ತಾಳೆ. ಕಿತ್ತುಕೊಂಡದ್ದು ತೊರೆದದ್ದಾಗಿ ಮಾರ್ಪಟ್ಟಿತು. ವೈರಾಗ್ಯದ ಮಹಿಮೆ ಇದರಿಂದ ಹೆಚ್ಚಿತು, ನಿಜ. ಗಂಡನ ಕೈ ಮಾತ್ರ ಕಾಣದಾಯಿತು.

ರಗಳೆಯಲ್ಲಿ ಕಥೆ ಅಲ್ಲಿಗೂ ಮುಗಿಯದು. ಅವಳು ಶ್ರೀಶೈಲ ಸೇರಿದ ಮೇಲೆ ಕೌಶಿಕ ಭಕ್ತನ ವೇಷ ತೊಟ್ಟು ಬಂದು, ಮರಳಿ ಬಾ ಎಂದು ಬೇಡುತ್ತಾನೆ. ಅವಳು ಕರಗುವುದಿಲ್ಲ. ಬೆದರಿಕೆ, ಮಾತು ಕೊಡುವುದು, ಮುರಿಯುವುದು, ಕ್ಷಮೆ, ಬಿಟ್ಟುಹೋದ ಮೇಲೆ ಬೆನ್ನಟ್ಟಿ ಬಂದು ಕಾಲಿಗೆ ಬೀಳುವುದು: ಈ ಸರಣಿಯನ್ನು ಗುರುತಿಸಲು ನಮ್ಮ ಅಜ್ಜಿಯಂದಿರಿಗೆ ಶಾಸ್ತ್ರ ಬೇಕಿರಲಿಲ್ಲ. ಆದ್ದರಿಂದ ಈ ರಗಳೆಯನ್ನು, ಬೇರೆ ಏನೇ ಆಗಿರಲಿ, ಹಿಂಸೆಯ ಮನೆಯಿಂದ ಹೆಂಡತಿಯೊಬ್ಬಳು ಲೆಕ್ಕವಿಟ್ಟು ಹೊರಬಂದ ಕಥೆಯಾಗಿಯೂ ಓದಬಹುದು ಎಂಬುದು ನನ್ನ ಸೂಚನೆ. ‘ಆಗಿಯೂ’ ಎಂಬ ಮಾತಿಗೆ ಒತ್ತು ಇರಲಿ. ಹರಿಹರ ಚರಿತ್ರಕಾರನಲ್ಲ, ಭಕ್ತ–ಭವಿಗಳ ಸಂಘರ್ಷ ಅವನಿಗೆ ಪ್ರಿಯವಾದ ವಸ್ತು. ಕೌಶಿಕನ ದೋಷವಾಗಿ ಅವನು ಎತ್ತಿ ತೋರುವುದು ಭವಿತನವನ್ನೇ ಹೊರತು ಗಂಡಸಿನ ದರ್ಪವನ್ನಲ್ಲ. ದೃಶ್ಯದ ಸತ್ಯವನ್ನು ಘಟನೆಯ ಸತ್ಯವೆಂದು ನಾನು ಮಂಡಿಸುತ್ತಿಲ್ಲ.

ಅಕ್ಕನ ವಚನಗಳನ್ನು ಸಾಕ್ಷಿಗೆ ಕರೆದರೆ ತೊಡಕು ಹೆಚ್ಚುತ್ತದೆ. ಅತ್ತೆಯನ್ನು ಮಾಯೆಗೂ ಮಾವನನ್ನು ಸಂಸಾರಕ್ಕೂ ಹೋಲಿಸಿ, ಮೈದುನರ ಕಾಟವನ್ನೂ ಹೇಳುವ ವಚನವೊಂದಿದೆ. ರೂಪಕವನ್ನು ಆತ್ಮಕಥೆಯೆನ್ನುವುದು ದುಡುಕು. ಆದರೂ ಇದು ಅರಮನೆಯ ಚಿತ್ರವಲ್ಲ, ತುಂಬಿದ ಮನೆಯ ಸೊಸೆ ದಿನವೂ ಕಾಣುವ ಚಿತ್ರ. ಕೇಳುವ ಹೆಂಗಸರಿಗೆ ತಟ್ಟಲೆಂದು ಆಯ್ದ ಹೋಲಿಕೆಯೇ, ಅಥವಾ ಕೌಶಿಕನ ಕಥೆಗಿಂತ ಬೇರೆಯಾದ ಬಾಳಿನ ನೆನಪೇ? ವಚನದ ಹಸ್ತಪ್ರತಿಗಳ ಪಾಠಾಂತರಗಳನ್ನು ಒಟ್ಟಿಗಿಟ್ಟು ನೋಡದೆ ಈ ಪ್ರಶ್ನೆಯನ್ನು ಮುಚ್ಚುವಂತಿಲ್ಲ.