ಬೆಲ್ಲ ಬೇಡ, ನೀರು ಕೊಡಿ

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಿಂದ ಕಾಮಾಕ್ಷಿಪಾಳ್ಯದ ಕಡೆಗೆ ಸಂಜೆ ಹೊತ್ತು ನಡೆದು ಬನ್ನಿ. ತಗಡಿನ ಶೆಡ್ಡುಗಳೊಳಗೆ ಗ್ರೈಂಡಿಂಗ್ ಚಕ್ರದ ಕಿಡಿ ಹಾರುತ್ತಿರುತ್ತದೆ. ಮುಖಕ್ಕೆ ಟವಲು ಸುತ್ತಿಕೊಂಡು ಬಗ್ಗಿ ನಿಂತ ಹುಡುಗನನ್ನು ಮಾತಾಡಿಸಿ. "ಏನಾಗಲ್ಲ ಬಿಡಿ ಸಾರ್, ಸಂಜೆ ಒಂದ್ ಚೂರು ಬೆಲ್ಲ ತಿಂದ್ರೆ ದೂಳೆಲ್ಲ ಹೋಗುತ್ತೆ" ಅನ್ನುತ್ತಾನೆ. ಬೆಲ್ಲ ಇಳಿಯುವುದು ಹೊಟ್ಟೆಗೆ, ದೂಳು ಇಳಿಯುವುದು ಶ್ವಾಸಕೋಶಕ್ಕೆ. ಎರಡರ ದಾರಿಯೇ ಬೇರೆ.

ಕಣ್ಣಿಗೆ ಕಾಣುವ ದೂಳನ್ನು ಕೆಮ್ಮಿ ಉಗುಳಬಹುದು. ಕೊಲ್ಲುವುದು ಕಾಣದ ದೂಳು. ಒಂದು ಮಿಲಿಮೀಟರನ್ನು 200 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಸಣ್ಣ ಕಣ ಅದು. ಟವಲು ಅದನ್ನು ತಡೆಯದು. ಎರಕದ ಕಬ್ಬಿಣಕ್ಕೆ ಅಂಟಿದ ಮರಳಿನಲ್ಲಿ, ಗ್ರಾನೈಟಿನಲ್ಲಿ ಇರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತು ಗಂಟು ಕಟ್ಟುತ್ತದೆ. ಅದೇ ಸಿಲಿಕೋಸಿಸ್. ಅದಕ್ಕೆ ಮದ್ದಿಲ್ಲ. ಅದರ ಬೆನ್ನಿಗೇ ಕ್ಷಯ ಬರುತ್ತದೆ.

ನನ್ನ ಚಿಕ್ಕಪ್ಪ ಇಂಥದ್ದೊಂದು ಶೆಡ್ಡಿನಲ್ಲಿ ದುಡಿದು ಕೆಮ್ಮಿ ಕೆಮ್ಮಿ ಹೋದ. ಚೀಟಿಯಲ್ಲಿ ಟಿ.ಬಿ. ಅಂತ ಬರೆದರು. ಏನು ಕೆಲಸ ಮಾಡ್ತೀಯಪ್ಪ ಅಂತ ಯಾರೂ ಕೇಳಲಿಲ್ಲ. ರೋಗಿಯ ಕಸುಬು ಕೇಳಿರೆಂದು ಇಟಲಿಯ ವೈದ್ಯ ರಾಮಝೀನಿ 1700ರಲ್ಲೇ ಬರೆದಿದ್ದ. ಮುನ್ನೂರು ವರ್ಷವಾದರೂ ಆ ಪ್ರಶ್ನೆ ನಮ್ಮ ಕೇರಿಯ ರೋಗಿಯನ್ನು ತಲುಪಿಲ್ಲ.

ಇಂಗ್ಲೆಂಡಿನ ಶೆಫೀಲ್ಡ್ ಚಾಕು ಕತ್ತರಿಗಳ ಊರು. ಅಲ್ಲಿ ಸಾಣೆ ಹಿಡಿಯುವವರ ಆಯಸ್ಸನ್ನು ಡಾಕ್ಟರ್ ನೈಟ್ ಎಂಬುವರು ಲೆಕ್ಕ ಹಾಕಿದ್ದರು. 1845ರಲ್ಲಿ ಏಂಗೆಲ್ಸ್ ಆ ಲೆಕ್ಕವನ್ನು ತನ್ನ ಪುಸ್ತಕಕ್ಕೆ ತಂದ. ಒಣ ಸಾಣೆಯವನು 35 ಮುಟ್ಟುವುದೇ ಕಷ್ಟ, ಒದ್ದೆ ಸಾಣೆಯವನು 45ರ ತನಕ ಬದುಕಬಹುದು. ನಡುವಿನ ಹತ್ತು ವರ್ಷದ ಬೆಲೆ ಏನು? ಕಲ್ಲಿನ ಮೇಲೆ ಬೀಳುವ ಒಂದು ಧಾರೆ ನೀರು! ನೀರು ಕೊಡದೆ ಕೊಲ್ಲುವುದು ಹೇಗೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಗೆ ಇಳಿದದ್ದು ಅದಕ್ಕಾಗಿಯೇ.

ನಮ್ಮ ನಾಡಿನಲ್ಲಿ ಈ ರೋಗ ಕಾಗದಕ್ಕೆ ಬಂದದ್ದು ಕೋಲಾರದ ಚಿನ್ನದ ಗಣಿಯಿಂದ. 1940ರ ದಶಕದಲ್ಲಿ ವೈದ್ಯರು ಅಲ್ಲಿನ ಕಾರ್ಮಿಕರ ಎದೆಯೊಳಗೆ ಕಲ್ಲಿನ ದೂಳನ್ನು ಕಂಡರು. ಆಳಕ್ಕೆ ಇಳಿದವರಲ್ಲಿ ಬಹುಪಾಲು ದಲಿತರು. ಚಿನ್ನ ಲಂಡನ್ನಿಗೆ ಹೋಯಿತು, ದೂಳು ಎದೆಯಲ್ಲೇ ಉಳಿಯಿತು. 2001ರಲ್ಲಿ ಗಣಿ ಮುಚ್ಚಿದರು.

ಅಂಬೇಡ್ಕರ್ 1942ರಿಂದ 1946ರ ತನಕ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ವಾರದ ದುಡಿಮೆಯನ್ನು 48 ಗಂಟೆಗೆ ಇಳಿಸಿದ ಮಸೂದೆ ಅವರದು. 1948ರ ಕಾರ್ಖಾನೆ ಕಾಯ್ದೆ ದೂಳನ್ನು ಹೀರಿ ಹೊರಹಾಕಬೇಕು, ಕಣ್ಣಿಗೆ ರಕ್ಷೆ ಕೊಡಬೇಕು, ಸಿಲಿಕೋಸಿಸ್ ಕಂಡರೆ ಸರ್ಕಾರಕ್ಕೆ ತಿಳಿಸಬೇಕು ಎಂದಿತು. 1949ರಲ್ಲಿ ರಾಜಗೋಪಾಲಾಚಾರಿಯವರು ರಾಜಾಜಿನಗರಕ್ಕೆ ಅಡಿಗಲ್ಲು ಹಾಕಿದರು. ಅದೇ ವರ್ಷ ಬ್ರಿಟನ್, ಎರಕಗಳನ್ನು ಮರಳು ಚಿಮ್ಮಿಸಿ ಉಜ್ಜಬಾರದೆಂದು ನಿಯಮ ಮಾಡಿತು.

ಆದರೆ ನಮ್ಮ ಕಾಯ್ದೆಗೆ ಕರೆಂಟಿನ ಶೆಡ್ಡು ಕಾರ್ಖಾನೆ ಅನ್ನಿಸಿಕೊಳ್ಳಲು 10 ತಲೆ ಬೇಕಿತ್ತು. ಒಂಬತ್ತೇ ಜನ ಇದ್ದರೆ? 2020ರ ಹೊಸ ಸಂಹಿತೆ ಆ 10ನ್ನು 20 ಮಾಡಿತು. 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂತು. ಕಾನೂನು ತಲೆ ಎಣಿಸುತ್ತದೆ, ಎದೆ ಎಣಿಸುವುದಿಲ್ಲ. ಎಣಿಸಿದ್ದೂ ಸತ್ತ ಮೇಲೆ. ಗುಜರಾತಿನ ಕಲ್ಲುಪುಡಿ ಕಾರ್ಖಾನೆಗಳಲ್ಲಿ ದುಡಿದು ಸತ್ತ ಮಧ್ಯಪ್ರದೇಶದ 238 ಕಾರ್ಮಿಕರ ಮನೆಯವರಿಗೆ ತಲಾ 3 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2016ರಲ್ಲಿ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆ ಬಿಟ್ಟ ಹುಡುಗ ನಾಳೆ ಇದೇ ಚಕ್ರದ ಮುಂದೆ ನಿಲ್ಲುತ್ತಾನೆ. ಅವನಿಗೆ ಇಷ್ಟಾದರೂ ಹೇಳಿ ಕಳಿಸಿ. ಹೊಸ ಕಲ್ಲು ಹಾಕುವ ಮುಂಚೆ ಮೆಲ್ಲಗೆ ತಟ್ಟಿ ನೋಡು. ಗಂಟೆಯಂತೆ ಗಣ್ ಅನ್ನದೆ ದಬ್ ಅಂದರೆ ಒಳಗೆ ಬಿರುಕಿದೆ. 20 ಸೆಂಟಿಮೀಟರಿನ ಚಕ್ರ ನಿಮಿಷಕ್ಕೆ 2800 ಸುತ್ತು ಹೊಡೆದರೆ ಅದರ ಅಂಚು ಗಂಟೆಗೆ 100 ಕಿಲೋಮೀಟರು ಮೀರಿ ಓಡುತ್ತದೆ. ಒಡೆದರೆ ಅದು ಕಲ್ಲಲ್ಲ, ಗುಂಡು. ಮುಚ್ಚಳವಿಲ್ಲದ ಚಕ್ರ ಮುಟ್ಟಬೇಡ. ಕನ್ನಡಕ ಕೇಳು. ನೀರು ಹಾಯುವ ಯಂತ್ರ ಕೇಳು, ಅದು ಆಗದ ಕಡೆ ದೂಳು ಹೀರುವ ಕೊಳವೆ ಕೇಳು. ಆಸ್ಪತ್ರೆಗೆ ಹೋದರೆ ಡಾಕ್ಟರು ಕೇಳದಿದ್ದರೂ ನಿನ್ನ ಕೆಲಸ ಏನೆಂದು ಹೇಳು, ಬರೆಸು.

ಒಬ್ಬನೇ ಕೇಳಿದರೆ ಕೆಲಸ ಹೋಗುತ್ತದೆ. ಹತ್ತು ಶೆಡ್ಡಿನವರು ಒಟ್ಟಿಗೆ ಕೇಳಲಿ: ನಿಮ್ಮ ಬೆಲ್ಲ ನೀವೇ ತಿನ್ನಿ ಧಣಿಗಳೇ, ನಮಗೆ ನೀರು ಕೊಡಿ.