ಸಂಚಾರಿ ದೂರವಾಣಿ ಮತ್ತು ಆಯ್ಕೆಯ ಸ್ವಾತಂತ್ರ್ಯ : ಸಪ್ತಾಪುರದ ನೆಲೆಯಿಂದ ಒಂದು ಐತಿಹಾಸಿಕ ವಿವೇಚನೆ

ಧಾರವಾಡದ ಸಪ್ತಾಪುರವು ವಿದ್ಯಾರ್ಥಿಗಳ ವಸತಿಗಳಿಗೂ ಸ್ಪರ್ಧಾ ಪರೀಕ್ಷೆಗಳ ತರಬೇತಿ ಕೇಂದ್ರಗಳಿಗೂ ಹೆಸರಾದ ಭಾಗ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದು ಇಲ್ಲಿ ಖೋಲಿ ಹಿಡಿದಿರುವ ತರುಣರಿಗೆ ಊರಿನ ಸಂಬಂಧವನ್ನು ಉಳಿಸಿಕೊಡುವ ಸಾಧನ ಮೊಬೈಲ್. ಪರೀಕ್ಷೆಯ ಅರ್ಜಿಯಲ್ಲಿ ನಮೂದಿಸುವುದು ಅದರ ಸಂಖ್ಯೆಯನ್ನೇ. ಓಟಿಪಿ ಬರುವುದೂ ಅದಕ್ಕೇ. ಆದುದರಿಂದ ಸಂಖ್ಯೆ, ಕಂಪನಿ, ಹ್ಯಾಂಡ್‌ಸೆಟ್ ಇವುಗಳ ಪರಸ್ಪರ ಸಂಬಂಧದ ಪ್ರಶ್ನೆ ಕ್ಷುಲ್ಲಕವಾದುದಲ್ಲ. ಈ ಮೂರೂ ಒಂದರಿಂದೊಂದು ಬಿಡಿಸಿಕೊಂಡಷ್ಟೇ ಗ್ರಾಹಕನ ಆಯ್ಕೆ ಬೆಳೆಯಿತು. ಆದರೆ ಒಂದು ಗಂಟು ಬಿಚ್ಚಿದಾಗ ಇನ್ನೊಂದು ಬಿಗಿಯಿತು. ಇದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದುದು 1995ರ ಜುಲೈ 31ರಂದು, ಕಲಕತ್ತೆಯಿಂದ ದೆಹಲಿಗೆ. ಕರ್ನಾಟಕ ವಲಯದಲ್ಲಿ ಆರಂಭದ ಪರವಾನಗಿ ಪಡೆದವು ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್ ಎಂಬ ಎರಡು ಕಂಪನಿಗಳು. ಮೊದಲನೆಯದು 1999ರಲ್ಲಿ ಏರ್‌ಟೆಲ್‌ನ ಒಡೆತನಕ್ಕೆ ಸೇರಿತು. ಇವೆರಡೂ ಜಿಎಸ್‌ಎಂ ಪದ್ಧತಿಯವು. ಆ ಪದ್ಧತಿಯಲ್ಲಿ ಗ್ರಾಹಕನ ಗುರುತು ಸಿಮ್ ಕಾರ್ಡಿನಲ್ಲಿರುತ್ತದೆ, ಯಂತ್ರದಲ್ಲಲ್ಲ. ಕಾರ್ಡು ಬದಲಿಸಿದರೆ ಅದೇ ಯಂತ್ರ ಇನ್ನೊಂದು ಕಂಪನಿಗೂ ಸಲ್ಲುತ್ತಿದ್ದಿತು. 2002ರಲ್ಲಿ ಬಿಎಸ್‌ಎನ್‌ಎಲ್ ಸಹ ಇದೇ ಪದ್ಧತಿಯ ಮೊಬೈಲ್ ಸೇವೆಯನ್ನು ತೊಡಗಿತು.

ಅದೇ ವರ್ಷದ ಡಿಸೆಂಬರಿನಲ್ಲಿ ರಿಲಯನ್ಸ್ ಇನ್ಫೊಕಾಂ ಸಿಡಿಎಂಎ ಪದ್ಧತಿಯೊಡನೆ ಕಾಲಿಟ್ಟಿತು. ಅದರ ಅಗ್ಗದ ದರಗಳಿಂದ ಸ್ಪರ್ಧೆ ತೀವ್ರವಾಯಿತು. 2003ರ ಮೇ ತಿಂಗಳಿಂದ ಒಳಬರುವ ಕರೆಗಳು ಉಚಿತವಾದುವು. ಆದರೆ ಆ ಕಂಪನಿಯ ಆರಂಭದ ಹ್ಯಾಂಡ್‌ಸೆಟ್‌ಗಳಲ್ಲಿ ತೆಗೆದುಹಾಕುವ ಕಾರ್ಡೇ ಇರಲಿಲ್ಲ. ಕಂಪನಿಯನ್ನು ಬಿಟ್ಟವನು ಯಂತ್ರವನ್ನೂ ಬಿಡಬೇಕು. ಕರೆ ಅಗ್ಗವಾಯಿತು, ಬಿಡುಗಡೆ ತುಟ್ಟಿಯಾಯಿತು.

ಎರಡನೆಯ ಗಂಟು ಸಂಖ್ಯೆಯದು. ಕಂಪನಿ ಬದಲಿಸಿದರೆ ಹಳೆಯ ಸಂಖ್ಯೆ ಕಳೆದುಹೋಗುತ್ತಿದ್ದಿತು. ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ, ಜನ ‘ಪೋರ್ಟ್’ ಎಂದು ಕರೆಯುವ, ಸೌಲಭ್ಯ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಆರಂಭವಾಗಿ 2011ರ ಜನವರಿ 20ರಂದು ದೇಶವ್ಯಾಪಿಯಾಯಿತು. ಆದರೂ ಅದು ಒಂದು ವಲಯದ ಒಳಗಷ್ಟೇ ಸಲ್ಲುತ್ತಿದ್ದಿತು. ದೂರಸಂಪರ್ಕ ವಲಯಗಳು ಬಹುಮಟ್ಟಿಗೆ ರಾಜ್ಯಗಳ ಎಲ್ಲೆಯನ್ನೇ ಅನುಸರಿಸಿರುವುದರಿಂದ 1956ರ ಪುನರ್ವಿಂಗಡಣೆಯ ಗೆರೆ ಇಲ್ಲಿಯೂ ಮೂಡಿತು. ಜತ್ತ, ಅಕ್ಕಲಕೋಟೆಗಳ ಕನ್ನಡಿಗ ಮಹಾರಾಷ್ಟ್ರ ವಲಯಕ್ಕೂ ಕಾಸರಗೋಡಿನವನು ಕೇರಳ ವಲಯಕ್ಕೂ ಸೇರಿದನು. ಅಂಥವನು ಓದಲೆಂದು ಸಪ್ತಾಪುರಕ್ಕೆ ಬಂದರೆ ರೋಮಿಂಗಿನಲ್ಲಿ ಇರಬೇಕು, ಇಲ್ಲವೆ ಹೊಸ ಸಂಖ್ಯೆ ಪಡೆಯಬೇಕು. ವಲಯ ದಾಟಿಯೂ ಸಂಖ್ಯೆಯನ್ನು ಒಯ್ಯುವ ಹಕ್ಕು ಬಂದುದು 2015ರ ಜುಲೈ 3ರಿಂದ.

ಇಲ್ಲಿಗೆ ಆಯ್ಕೆ ಪೂರ್ಣವಾಯಿತೆಂದು ತೋರಬಹುದು. ಆದರೆ ಮರುವರ್ಷವೇ ಪ್ರಶ್ನೆ ಮತ್ತೆ ಯಂತ್ರಕ್ಕೆ ಮರಳಿತು. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋ ಕೇವಲ 4ಜಿ ಜಾಲ. ಹಳೆಯ 2ಜಿ, 3ಜಿ ಹ್ಯಾಂಡ್‌ಸೆಟ್‌ಗಳಲ್ಲಿ ಅದು ನಡೆಯದು. 4ಜಿ ಇದ್ದೂ ವೋಲ್ಟಿ ಇಲ್ಲದ ಯಂತ್ರದಲ್ಲಿ ಮಾತನಾಡಲು ಪ್ರತ್ಯೇಕ ಆ್ಯಪ್ ಬೇಕಾಯಿತು. ಸಂಖ್ಯೆಯನ್ನು ಪೋರ್ಟ್ ಮಾಡಿಸುವ ಹಕ್ಕು ಎಲ್ಲರಿಗೂ ಇದ್ದಿತು; ಹೊಸ ಹ್ಯಾಂಡ್‌ಸೆಟ್ ಕೊಳ್ಳುವ ಹಣ ಎಲ್ಲರಲ್ಲಿಯೂ ಇರಲಿಲ್ಲ. 2022ರ ಅಕ್ಟೋಬರಿನಲ್ಲಿ 5ಜಿ ಬಂದಾಗಲೂ ಜಿಯೋ ಸ್ವತಂತ್ರ ಜಾಲವನ್ನು ಆರಿಸಿತು, ಏರ್‌ಟೆಲ್ 4ಜಿಯನ್ನು ಆಧರಿಸಿದ ಜಾಲವನ್ನು ಆರಿಸಿತು. 5ಜಿ ಎಂಬ ಹೆಸರು ಹೊತ್ತ ಕೆಲವು ಯಂತ್ರಗಳೂ ತಯಾರಕರ ಸಾಫ್ಟ್‌ವೇರ್ ಅಪ್‌ಡೇಟ್ ಬರುವವರೆಗೆ ಕಾಯಬೇಕಾಯಿತು.

ಸ್ಪರ್ಧೆಯಿಂದ ದರ ಇಳಿದಿರಲು ಹೊಂದಾಣಿಕೆಯ ಈ ತೊಡಕು ಅಲ್ಪವಾದುದೆಂದು ಕೆಲವರು ವಾದಿಸಬಹುದು. ದರ ಇಳಿದುದು ನಿರ್ವಿವಾದ. ಆದರೆ ಸ್ಪರ್ಧಿಗಳೂ ಕಡಿಮೆಯಾದರು. ಸ್ಪೈಸ್ 2008ರಲ್ಲಿ ಐಡಿಯಾದ ಪಾಲಾಯಿತು. ಐಡಿಯಾ 2018ರಲ್ಲಿ ವೋಡಾಫೋನಿನೊಡನೆ ಒಂದಾಯಿತು. ಕಂಪನಿಗಳು ಹಲವಿದ್ದಾಗ ಸಂಖ್ಯೆಯ ಗಂಟು ತಡೆಯಿತು. ಆ ಗಂಟು ಬಿಚ್ಚುವ ಹೊತ್ತಿಗೆ ಕಂಪನಿಗಳೇ ಕೆಲವಾದುವು. ಕಾನೂನು ಸಂಖ್ಯೆಯನ್ನು ಗ್ರಾಹಕನ ಕೈಗೆ ಕೊಟ್ಟಿತು, ಯಂತ್ರದ ಪ್ರಶ್ನೆಯನ್ನು ಅವನ ಜೇಬಿಗೆ ಬಿಟ್ಟಿತು. ಆಯ್ಕೆಯ ಇತಿಹಾಸವನ್ನು ಬರೆಯುವವರು ಪರವಾನಗಿ, ದರಪಟ್ಟಿಗಳೊಡನೆ ಸಪ್ತಾಪುರದ ಖೋಲಿಯಲ್ಲಿರುವ ವಿದ್ಯಾರ್ಥಿಯ ಕೈಯಲ್ಲಿನ ಹಳೆಯ ಹ್ಯಾಂಡ್‌ಸೆಟ್ಟನ್ನೂ ಒಂದು ಆಧಾರವೆಂದು ಪರಿಗಣಿಸುವುದು ಅವಶ್ಯಕ.