ದಣಿದವರು ಹಾಡಿದ ರಾತ್ರಿಗಳು

ನಮ್ಮ ಆಯಿ 1972ರ ಬರದಲ್ಲಿ ಕಲ್ಲು ಒಡೆದವಳು. ಹಗಲೆಲ್ಲ ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆದು, ರಾತ್ರಿ ಭಜನೆಯಲ್ಲಿ ಕೂತು ಬರುತ್ತಿದ್ದಳಂತೆ. "ಅಷ್ಟು ದಣಿದು ಬಂದು ಮಲಗೂದು ಬಿಟ್ಟು ಭಜನಿಗಿ ಯಾಕ ಹೋಗ್ತಿದ್ದಿ?" ಎಂದು ಒಮ್ಮೆ ಕೇಳಿದ್ದೆ. "ಮಲಕೊಂಡ್ರ ಮೈ ದಣಿವು ಹೋಗ್ತದ. ಮನಸಿಂದು ಹೋಗಬೇಕಲ್ಲ?" ಅಂದಳು. ಸಂಶೋಧನೆಯ ಟಿಪ್ಪಣಿಗಳ ಮುಂದೆ ಕಣ್ಣು ಉರಿಯುವ ರಾತ್ರಿಗಳಲ್ಲಿ ಆ ಮಾತು ನೆನಪಾಗುತ್ತದೆ. ಚರಿತ್ರೆ ಓದುವವಳಾಗಿ ನನಗೆ ಒಂದು ಪ್ರಶ್ನೆಯೂ ಏಳುತ್ತದೆ: ದಣಿದವರ ಪ್ರಾರ್ಥನೆಗೆ ನಮ್ಮ ಸೀಮೆಯಲ್ಲಿ ಎಂಥ ಚರಿತ್ರೆಯಿದೆ?

ಜೇವರ್ಗಿ ಭೀಮಾ ತೀರದ ಎರೆಮಣ್ಣಿನ ಸೀಮೆ. ಜೋಳ, ತೊಗರಿ ಇಲ್ಲಿಯ ಬೆಳೆ. ಮಳೆ ಬಂದರೆ ಬದುಕು. ಆದಿಲಶಾಹಿ, ಮೊಗಲರು, ನಿಜಾಮರು ಎಂದು ಆಳುವವರು ಬದಲಾದರೂ ಹೊಲದ ದುಡಿಮೆ ಬದಲಾಗಲಿಲ್ಲ. 17ನೇ ಶತಮಾನದಲ್ಲಿ, ಬಿಜಾಪುರದ ಆದಿಲಶಾಹಿ ಇನ್ನೂ ಉಳಿದಿದ್ದ ದಿನಗಳಲ್ಲಿ, ಜೇವರ್ಗಿಯಲ್ಲೇ ಷಣ್ಮುಖ ಶಿವಯೋಗಿ ಬಾಳಿದ. ತನ್ನ ಗುರು ಅಖಂಡೇಶ್ವರನ ಹೆಸರನ್ನೇ ಅಂಕಿತ ಮಾಡಿಕೊಂಡು ಆತ ಬರೆದ 700ಕ್ಕೂ ಹೆಚ್ಚು ವಚನಗಳು ನಮಗೆ ಉಳಿದಿವೆ. ವಚನ 12ನೇ ಶತಮಾನಕ್ಕೇ ಮುಗಿದುಹೋಯಿತು ಎನ್ನುವವರಿಗೆ ಜೇವರ್ಗಿಯೇ ಉತ್ತರ.

ಇದೇ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸಪ್ಪ ಒಕ್ಕಲಿಗ. ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರನ್ನೂ ಇಟ್ಟ ಎಂಬ ಕಥೆಯನ್ನು ಇಲ್ಲಿ ಮಕ್ಕಳೂ ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಬರ ಕಂಡ ಜನ ಇಂಥ ರೈತನನ್ನು ದೇವರಾಗಿಸಿಕೊಂಡದ್ದು ನಿಜ. ಮುಂದೆ ಆತ ಕಲಬುರಗಿಯಲ್ಲಿ ದಾಸೋಹಕ್ಕೆ ನಿಂತ. 1822ರಲ್ಲಿ ಅಲ್ಲಿಯೇ ಲಿಂಗೈಕ್ಯನಾದ.

ಆಯಿ ಹೋಗುತ್ತಿದ್ದ ಭಜನೆಯ ಬೇರು ಇರುವುದು ಕಡಕೋಳ ಮಡಿವಾಳಪ್ಪನ ತತ್ವಪದಗಳಲ್ಲಿ. ಆತನ ಶಿಷ್ಯರಲ್ಲಿ ಖೈನೂರ ಕೃಷ್ಣಪ್ಪ ದಲಿತ, ಚೆನ್ನೂರ ಜಲಾಲಸಾಹೇಬ ಮುಸಲ್ಮಾನ. ಹಗಲು ಬೇರೆ ಬೇರೆ ಓಣಿಗಳಲ್ಲಿ ಇರುವವರು ರಾತ್ರಿ ಏಕತಾರಿ, ದಮ್ಮಡಿ, ತಾಳ ಹಿಡಿದು ಒಂದೇ ಪದಕ್ಕೆ ದನಿಗೂಡಿಸುವ ದಾರಿಯನ್ನು ಈ ಪರಂಪರೆ ತೆರೆಯಿತು. ಆ ಪದಗಳಲ್ಲಿ ಬರುವುದು ಹೊಲ, ಬಿತ್ತನೆ, ಬೀಸುವ ಕಲ್ಲು. ಅಂದರೆ ಹಾಡುವವರ ದುಡಿಮೆಯೇ. ಹಗಲಿನಲ್ಲಿ ಬೆನ್ನು ಮುರಿದ ಕೆಲಸಕ್ಕೆ ರಾತ್ರಿ ಬೇರೊಂದು ಅರ್ಥ ಸಿಗುತ್ತಿತ್ತು. ಹೆಂಗಸರಿಗಂತೂ ರಾತ್ರಿಯವರೆಗೆ ಕಾಯುವ ಪ್ರಮೇಯವೇ ಇರಲಿಲ್ಲ. ನಸುಕಿನಲ್ಲಿ ಬೀಸುವಾಗಲೇ ದೇವರನ್ನು ನೆನೆದು, ಬೀಸಿ ಮುಗಿದಾಗ ಕಲ್ಲಿಗೂ ಕೈ ಮುಗಿಯುತ್ತಿದ್ದರು. 1931ರಲ್ಲಿ ಹಲಸಂಗಿ ಗೆಳೆಯರು ತಂದ 'ಗರತಿಯ ಹಾಡು' ಸಂಗ್ರಹ ಈ ಲೋಕಕ್ಕೆ ದೊಡ್ಡ ಸಾಕ್ಷಿ.

ಹಾಗಾದರೆ ಈ ಸಮಾಧಾನ ಜನರನ್ನು ಸುಮ್ಮನಿರಿಸಿತೇ? ಈ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ಆಯಿಯ ಕೂಲಿ ಭಜನೆಯಿಂದ ಹೆಚ್ಚಾಗಲಿಲ್ಲ. ಇವತ್ತು 'ಕಾಯಕವೇ ಕೈಲಾಸ' ಎಂಬ ಮಾತನ್ನು ಗೋಡೆಗೆ ತೂಗುಹಾಕಿ, ಹೊತ್ತು ಮುಳುಗಿದ ಮೇಲೂ ದುಡಿಸುವವರಿದ್ದಾರೆ. ಆದರೆ ಅದೇ ಶರಣರ ಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನೂ ಇದ್ದಾಳೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದವಳು ಅವಳು. ಕಾಯಕಕ್ಕೂ ಸಾಕು ಎನ್ನುವ ಗೆರೆಯಿದೆ ಎಂಬುದನ್ನು ನಾವು ಮರೆತಿದ್ದೇವೆ.

ಭಜನೆ ಆ ಗೆರೆಯನ್ನು ದಿನವೂ ಎಳೆಯುತ್ತಿತ್ತು ಎಂದು ಈಗ ನನಗೆ ಅನ್ನಿಸುತ್ತದೆ. ದಮ್ಮಡಿಯ ಸದ್ದು ಕೇಳಿದ ಮೇಲೆ ಆಯಿ ಯಾರ ಕೂಲಿಯಾಳೂ ಅಲ್ಲ, ಪದ ಎತ್ತಿಕೊಳ್ಳುವವಳು. ಈಗ ಊರಿನ ಹುಡುಗರು ಬೆಂಗಳೂರು, ಪುಣೆಗೆ ಗುಳೆ ಹೋಗುತ್ತಾರೆ. ಊರ ಭಜನೆಯಲ್ಲಿ ಉಳಿದವರು ಮುದುಕರು. ಹೋದ ಅಮಾವಾಸ್ಯೆಗೆ ನಾನೂ ಹೋಗಿ ಕೂತಿದ್ದೆ, ಟಿಪ್ಪಣಿ ಪುಸ್ತಕ ಹಿಡಿದುಕೊಂಡು. ಒಬ್ಬ ಮುತ್ಯಾ ನನ್ನ ಕೈಯಿಂದ ಪುಸ್ತಕ ತೆಗೆದು ಬದಿಗಿಟ್ಟು, "ಬರಿಯೂದು ನಾಳಿಗಿ ಇರಲಿ, ಈಗ ತಾಳ ಹಿಡಿ ತಂಗಿ" ಎಂದು ತಾಳ ಕೊಟ್ಟ. ಅವತ್ತು ರಾತ್ರಿ ಒಂದಕ್ಷರವೂ ಬರೆಯಲಿಲ್ಲ. ನಿದ್ದೆ ಮಾತ್ರ ಚೆನ್ನಾಗಿ ಬಂತು.